ಸಂಜೆ ಐದೂವರೆಗೆ ಮಕ್ಕಳು ಎಲ್ಲಿರಬೇಕು?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಾವು ಹಾಸನದ ಹೊಸ ಬಡಾವಣೆಯೊಂದರಲ್ಲಿ ಇದ್ದೇವೆ. ಮಗನಿಗೆ ಒಂಬತ್ತು ವರ್ಷ, ಮಗಳಿಗೆ ಹದಿಮೂರು. ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಶಾಲೆಯ ವ್ಯಾನ್ ಹತ್ತಿದರೆ ಮನೆಗೆ ಬರುವುದು ನಾಲ್ಕೂವರೆಗೆ. ಐದರಿಂದ ಆರೂವರೆವರೆಗೆ ಟ್ಯೂಷನ್. ಆಮೇಲೆ ಹೋಂವರ್ಕ್, ಟಿ.ವಿ., ಮೊಬೈಲ್. ಮಗ ಸ್ವಲ್ಪ ದಪ್ಪಗಿದ್ದಾನೆ, ಎರಡು ಮಹಡಿ ಹತ್ತಿದರೆ ಏದುಸಿರು ಬಿಡುತ್ತಾನೆ. ಅವನನ್ನು ವಾರಕ್ಕೆ ಎರಡು ದಿನ ಕರಾಟೆಗೆ ಕಳುಹಿಸುತ್ತೇವೆ. ಮಗಳು ಖೋ ಖೋ ಚೆನ್ನಾಗಿ ಆಡುತ್ತಿದ್ದಳು. ದೊಡ್ಡವಳಾದ ಮೇಲೆ ನಮ್ಮ ಅತ್ತೆ ಬೇಡ ಎಂದರು. ಈಗ ಅವಳೇ ಸದಾ ಸುಸ್ತು ಎನ್ನುತ್ತಾಳೆ, ಈ ವರ್ಷ ಕನ್ನಡಕವೂ ಬಂತು. ಜೂನ್ ಬಂದರೆ ಮಳೆ, ಹೊರಗೆ ಬಿಡುವ ಹಾಗಿಲ್ಲ. ಹಾಸನದ ಹೃದಯಾಘಾತದ ಸುದ್ದಿಗಳನ್ನು ಕೇಳಿದ ದಿನದಿಂದ ಮಗ ಓಡಿ ಬಂದು ಎದೆ ಹಿಡಿದುಕೊಂಡರೆ ನನಗೆ ಕೈಕಾಲು ಆಡುವುದಿಲ್ಲ. ಮಕ್ಕಳು ದಿನಕ್ಕೆ ಎಷ್ಟು ಆಡಬೇಕು? ನಮ್ಮಂಥವರು ಅದನ್ನು ಹೇಗೆ ಹೊಂದಿಸಿಕೊಳ್ಳುವುದು? ಮಗ ಸೈಕಲ್ ಬೇಕೆಂದು ಹಟ ಹಿಡಿದಿದ್ದಾನೆ, ಕೊಡಿಸಬಹುದೇ?

ಉತ್ತರ: ಭಯದ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅದು ಎದೆಯಲ್ಲಿ ಕುಳಿತಿರುವಷ್ಟು ದಿನ ನಾನು ಹೇಳುವ ಬೇರೆ ಯಾವ ಮಾತೂ ನಿಮ್ಮ ಮನೆಯ ಹೊಸ್ತಿಲು ದಾಟುವುದಿಲ್ಲ.

2025ರ ಜೂನ್, ಜುಲೈ ತಿಂಗಳುಗಳಲ್ಲಿ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಮೇಲಿಂದ ಮೇಲೆ ಬಂದು, ಹೃದಯಾಘಾತ ಎಂದರೆ ಹಾಸನ ಎನ್ನುವಂತಾಗಿತ್ತು. ಆ ದಿನಗಳಲ್ಲಿ ನನ್ನ ಬಳಿ ಬಂದ ತಂದೆ ತಾಯಂದಿರಲ್ಲಿ ಹಲವರು ಒಂದೇ ಕೋರಿಕೆ ಇಟ್ಟರು: ಮಗುವನ್ನು ಆಟದಿಂದ ಬಿಡಿಸಲು ಶಾಲೆಗೆ ಒಂದು ಚೀಟಿ ಬರೆದುಕೊಡಿ. ಕಾರಣವಿಲ್ಲದೆ ಒಂದು ಚೀಟಿಯನ್ನೂ ನಾನು ಬರೆಯಲಿಲ್ಲ. ಆ ಸಾವುಗಳನ್ನು ಪರಿಶೀಲಿಸಲು ಸರ್ಕಾರ ತಜ್ಞರ ಸಮಿತಿಯನ್ನು ನೇಮಿಸಿತು. ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳು ಅಸಹಜವಾಗಿ ಏರಿಲ್ಲ ಎಂದು ಸಮಿತಿ ವರದಿ ಕೊಟ್ಟಿತು. ಮಧುಮೇಹ, ಅಧಿಕ ರಕ್ತದೊತ್ತಡ, ಧೂಮಪಾನ, ಬೊಜ್ಜು ಮುಂತಾದ, ವೈದ್ಯರಿಗೆ ಹಳೆಯ ಪರಿಚಯವಿರುವ ಕಾರಣಗಳತ್ತಲೇ ಅದು ಬೆರಳು ತೋರಿಸಿತು. ಇವು ಒಂದು ದಿನದ ಓಟದಿಂದ ಬರುವ ರೋಗಗಳಲ್ಲ. ಇಪ್ಪತ್ತು ಮೂವತ್ತು ವರ್ಷ ಮೈಯೊಳಗೆ ಸದ್ದಿಲ್ಲದೆ ಕೂಡುತ್ತ ಬಂದು ಒಂದು ದಿನ ತಲೆ ಎತ್ತುತ್ತವೆ. ಹಾಗೆ ಕೂಡುವುದಕ್ಕೆ ದಿನವಿಡೀ ಕುಳಿತೇ ಕಳೆಯುವ ಬಾಲ್ಯವೂ ಒಂದು ಪಾಲು ಕೊಡುತ್ತದೆ. ಆದ್ದರಿಂದ ಆ ಸುದ್ದಿ ನಿಮಗೆ ಹೇಳಬೇಕಾಗಿದ್ದ ಮಾತು ‘ಮಗುವನ್ನು ಕೂರಿಸಿ’ ಎಂದಲ್ಲ, ‘ಎಬ್ಬಿಸಿ’ ಎಂದು.

ಓಡಿ ಬಂದ ಮಗುವಿನ ಎದೆ ಡವಗುಟ್ಟಬೇಕು, ಮುಖ ಕೆಂಪಾಗಬೇಕು, ಉಸಿರು ಮೇಲೆ ಕೆಳಗೆ ಆಗಬೇಕು. ಅದು ಹೃದಯ ತನ್ನ ಕೆಲಸ ಮಾಡುತ್ತಿರುವುದರ ಗುರುತು. ನಿಂತು ನೀರು ಕುಡಿದು ನಾಲ್ಕೈದು ನಿಮಿಷದಲ್ಲಿ ಉಸಿರು ಹದಕ್ಕೆ ಬಂದು, ಮಗು ಮತ್ತೆ ಆಟದತ್ತ ಓಡಿದರೆ ನೀವು ನಿಶ್ಚಿಂತೆಯಿಂದ ಇರಬಹುದು. ತಡಮಾಡದೆ ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳೇ ಬೇರೆ. ಓಡುತ್ತಿರುವಾಗಲೇ ಪ್ರಜ್ಞೆ ತಪ್ಪಿ ಬೀಳುವುದು, ಆಡುವಾಗ ಪ್ರತಿ ಸಲ ಎದೆ ನೋಯುವುದು, ಕಾರಣವಿಲ್ಲದೆ ಹೃದಯ ಅಡ್ಡಾದಿಡ್ಡಿ ಹೊಡೆದುಕೊಳ್ಳುವುದು, ಮನೆತನದಲ್ಲಿ ಯಾರಾದರೂ ಐವತ್ತು ವರ್ಷದೊಳಗೆ ಹಠಾತ್ತನೆ ಹೃದಯದ ತೊಂದರೆಯಿಂದ ತೀರಿಕೊಂಡಿರುವುದು. ಇವುಗಳಲ್ಲಿ ಒಂದಿದ್ದರೂ ಮೊದಲು ಪರೀಕ್ಷೆ, ಆಮೇಲೆ ಆಟ. ಆಡಿದ ನಂತರ ಕೆಮ್ಮು, ಎದೆಯಲ್ಲಿ ಸುಯ್ಯೆನ್ನುವ ಸದ್ದು ಬಂದರೆ ಅದು ಉಬ್ಬಸವಿರಬಹುದು. ನಮ್ಮ ಕಡೆಯ ಚಳಿ, ಮಂಜು, ದೂಳಿನಲ್ಲಿ ಇದು ಅಪರೂಪವಲ್ಲ. ಸರಿಯಾದ ಇನ್ಹೇಲರ್ ಬಳಸಿದರೆ ಉಬ್ಬಸದ ಮಗುವೂ ಎಲ್ಲರಂತೆ ಓಡಬಲ್ಲದು. ನಿಮ್ಮ ಮಗನ ಏದುಸಿರಿನ ವಿಷಯದಲ್ಲಿ ನೀವು ಬರೆದಿರುವಷ್ಟನ್ನೇ ನೋಡಿದರೆ ನನಗೆ ಕಾಣುವುದು ಅಭ್ಯಾಸ ತಪ್ಪಿದ ಮೈ. ಆದರೂ ಒಮ್ಮೆ ನಿಮ್ಮ ಮಕ್ಕಳ ವೈದ್ಯರಿಂದ ಎದೆಯ ಸದ್ದು ಕೇಳಿಸಿ, ರಕ್ತದೊತ್ತಡ ನೋಡಿಸಿಬಿಡಿ. ಅವನಿಗಾಗಿ ಅಷ್ಟೇ ಅಲ್ಲ, ನಿಮ್ಮ ನಿದ್ದೆಗಾಗಿಯೂ ಹೇಳುತ್ತಿದ್ದೇನೆ.

ಈಗ ಎಷ್ಟು ಎಂಬ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಂಥ ಚಟುವಟಿಕೆ ಬೇಕು. ವಾರದಲ್ಲಿ ಮೂರು ದಿನವಾದರೂ ಅದರಲ್ಲಿ ಜೋರಾದ ಓಟ, ಮೂಳೆ ಮತ್ತು ಸ್ನಾಯುಗಳಿಗೆ ಬಲ ಕೊಡುವ ಜಿಗಿತ, ಹತ್ತುವಿಕೆ, ಎತ್ತುವಿಕೆ ಇರಬೇಕು. ಉಸಿರು ಏರಿದೆಯೇ ಎಂದು ತಿಳಿಯಲು ಕೈಗೆ ಯಾವ ಯಂತ್ರವನ್ನೂ ಕಟ್ಟಬೇಕಾಗಿಲ್ಲ. ಆ ಹೊತ್ತಿನಲ್ಲಿ ಮಗು ಮಾತನಾಡಬಲ್ಲದು, ಆದರೆ ಹಾಡು ಹೇಳಲಾರದು ಎನ್ನುವಂತಿದ್ದರೆ ಸಾಕು. ಎರಡು ಮಾತಿಗೊಮ್ಮೆ ಉಸಿರೆಳೆದುಕೊಳ್ಳಬೇಕಾದರೆ ಅದು ಜೋರಿನ ಆಟ. ಅರವತ್ತು ನಿಮಿಷ ಒಟ್ಟಿಗೇ ಆಗಬೇಕೆಂದೂ ಇಲ್ಲ. ಬೆಳಿಗ್ಗೆ ಹತ್ತು, ಶಾಲೆಯಲ್ಲಿ ಹದಿನೈದು, ಸಂಜೆ ಮೂವತ್ತೈದು ಹೀಗೆ ತುಂಡು ತುಂಡಾಗಿ ಕೂಡಿದರೂ ಲೆಕ್ಕಕ್ಕೆ ಬರುತ್ತದೆ. ಲೆಕ್ಕಕ್ಕೆ ಬಾರದ್ದು ಒಂದೇ: ವಾರವಿಡೀ ಕುಳಿತು ಭಾನುವಾರ ಒಂದೇ ಸಲ ತೀರಿಸುವುದು. ಗೊರೂರಿಗೋ ಮುಳ್ಳಯ್ಯನಗಿರಿಗೋ ರಜೆಯಲ್ಲಿ ಕರೆದುಕೊಂಡು ಹೋಗಿ, ಅದು ಬೇರೆಯೇ ಸಂತೋಷ. ಆದರೆ ಭಾನುವಾರದ ಹೋಳಿಗೆ ಸೋಮವಾರದ ಹಸಿವನ್ನು ಹೇಗೆ ತಣಿಸುವುದಿಲ್ಲವೋ ಇದೂ ಹಾಗೆಯೇ.

ಕರಾಟೆ ಸಾಕೇ? ಒಂದು ದಿನ ನೀವೇ ಗಡಿಯಾರ ಹಿಡಿದು ತರಗತಿಯ ಮೂಲೆಯಲ್ಲಿ ಕುಳಿತು ನೋಡಿ. ಒಂದು ಗಂಟೆಯ ತರಗತಿಯಲ್ಲಿ ನಿಮ್ಮ ಮಗನ ಮೈ ನಿಜವಾಗಿ ಆಡಿದ್ದು ಎಷ್ಟು ನಿಮಿಷ, ಸರದಿಗಾಗಿ ಸಾಲಿನಲ್ಲಿ ನಿಂತಿದ್ದು ಎಷ್ಟು ನಿಮಿಷ ಎಂದು ಬರೆದುಕೊಳ್ಳಿ. ನಾನು ಹೀಗೆ ಲೆಕ್ಕ ಹಾಕಲು ಹೇಳಿದ ತಾಯಂದಿರಲ್ಲಿ ಹೆಚ್ಚಿನವರು ಬೆಚ್ಚಿ ಬಿದ್ದಿದ್ದಾರೆ. ಕರಾಟೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಶಿಸ್ತು, ಸಮತೋಲನ, ಧೈರ್ಯ ಎಲ್ಲವನ್ನೂ ಅದು ಕಲಿಸುತ್ತದೆ, ಅವನಿಗೆ ಇಷ್ಟವಿದ್ದರೆ ಮುಂದುವರಿಸಿ. ಆದರೆ ಅದು ವಾರದ ಎರಡು ದಿನಗಳ ಒಂದು ಭಾಗವನ್ನು ಮಾತ್ರ ತುಂಬುತ್ತದೆ. ಉಳಿದ ಐದು ದಿನ ಖಾಲಿ.

ನನ್ನ ಇಷ್ಟು ವರ್ಷದ ಅನುಭವದಲ್ಲಿ ಒಂದು ಮಾತು ನನಗೆ ಖಚಿತವಾಗಿದೆ. ಮಕ್ಕಳಿಗೆ ಚಟುವಟಿಕೆಯನ್ನು ಹೊಸದಾಗಿ ಹಚ್ಚಬೇಕಾಗಿಲ್ಲ. ಅವರ ದಿನದಿಂದ ನಾವು ಅದನ್ನು ಎಲ್ಲೆಲ್ಲಿ ಕಿತ್ತುಕೊಂಡಿದ್ದೇವೆ ಎಂದು ಹುಡುಕಿ, ಅಲ್ಲಲ್ಲಿ ಹಿಂದಿರುಗಿಸಬೇಕು. ನಾನು ಆಲೂರು ತಾಲ್ಲೂಕಿನ ಹಳ್ಳಿಯವನು. ಶಾಲೆಗೆ ಎರಡೂವರೆ ಕಿಲೋಮೀಟರ್ ನಡೆಯುತ್ತಿದ್ದೆವು. ನಮಗೆ ಯಾರೂ ವ್ಯಾಯಾಮ ಹೇಳಿಕೊಡಲಿಲ್ಲ, ದಾರಿಯೇ ಮಾಡಿಸುತ್ತಿತ್ತು. ಇಂದು ಅದೇ ಹಾದಿಯಲ್ಲಿ ಮಕ್ಕಳನ್ನು ನಡೆದು ಕಳುಹಿಸಿ ಎಂದು ಹೇಳುವ ಧೈರ್ಯ ನನಗಿಲ್ಲ. ಆಲೂರು, ಸಕಲೇಶಪುರ, ಬೇಲೂರು ಕಡೆಯ ಕಾಫಿ ತೋಟಗಳ ನಡುವೆ ಕಾಡಾನೆಗಳ ಓಡಾಟ ಹೇಗಿದೆ ಎಂಬುದು ಅಲ್ಲಿಯವರಿಗೆ ಗೊತ್ತು. ಅಂಥ ಊರಿನ ತಂದೆ ತಾಯಿ ಮಗುವನ್ನು ವಾಹನದಲ್ಲಿ ಕಳುಹಿಸಿದರೆ ಅದು ವಿವೇಕವೇ ಹೊರತು ಮುದ್ದು ಅಲ್ಲ. ಆದರೆ ನೀವಿರುವುದು ಹಾಸನದ ಬಡಾವಣೆಯಲ್ಲಿ. ನಿಮ್ಮ ವ್ಯಾನ್ ಮನೆಯ ಗೇಟಿಗೇ ಬರಬೇಕೆ? ಬಡಾವಣೆಯ ಮುಖ್ಯರಸ್ತೆಯ ತಿರುವಿನಲ್ಲಿ ನಿಲ್ಲಲಿ. ಅಕ್ಕಪಕ್ಕದ ಮನೆಯ ಮಕ್ಕಳೆಲ್ಲ ಸೇರಿ ಅಲ್ಲಿಯವರೆಗೆ ನಡೆಯಲಿ, ಒಬ್ಬ ದೊಡ್ಡವರು ಸರದಿಯಂತೆ ಜೊತೆಗಿರಲಿ. ಹೋಗುವಾಗ ಏಳು ನಿಮಿಷ, ಬರುವಾಗ ಏಳು ನಿಮಿಷ. ನಾಯಿಗಳ ಭಯಕ್ಕೂ ಗುಂಪೇ ಔಷಧ. ಒಬ್ಬೊಬ್ಬರೇ ಓಡಬಾರದು, ಕಲ್ಲು ಎತ್ತಬಾರದು, ನಿಧಾನವಾಗಿ ದಾಟಬೇಕು ಎಂದು ಒಮ್ಮೆ ಕಲಿಸಿಕೊಟ್ಟರೆ ಮಕ್ಕಳು ಕಲಿಯುತ್ತಾರೆ.

ಎರಡನೆಯದು ಸಂಜೆ. ಇದು ನನಗೆ ಹೊಟ್ಟೆ ಉರಿಯುವ ವಿಷಯ. ನಾಲ್ಕೂವರೆಯಿಂದ ಕತ್ತಲಾಗುವವರೆಗಿನ ಹೊತ್ತು ಮಕ್ಕಳ ಆಸ್ತಿ. ಅದನ್ನು ನಾವು ಟ್ಯೂಷನ್‌ಗೆ ಬರೆದುಕೊಟ್ಟಿದ್ದೇವೆ. 2019ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಹಾಸನ ರಾಜ್ಯಕ್ಕೇ ಮೊದಲ ಸ್ಥಾನ ಪಡೆದಾಗ ನಾನೂ ಹಿಗ್ಗಿದವನೇ, ಓದು ಬೇಡ ಎಂದು ಹೇಳುವವನಲ್ಲ. ಆದರೆ ನಾಲ್ಕನೇ ತರಗತಿಯ ವಯಸ್ಸಿನ ಮಗು ಏಳು ಗಂಟೆ ಬೆಂಚಿನ ಮೇಲೆ ಕುಳಿತು ಬಂದು, ಮತ್ತೆ ಒಂದೂವರೆ ಗಂಟೆ ಚಾಪೆಯ ಮೇಲೆ ಕುಳಿತರೆ ಆ ಪಾಠ ತಲೆಗೆ ಹತ್ತುವುದು ಎಷ್ಟು? ಮೈ ಆಡಿದ ಮೇಲೆ ಗಮನ ಚುರುಕಾಗುತ್ತದೆ ಎಂಬುದು ಪ್ರತಿ ಶಿಕ್ಷಕರಿಗೂ ತಿಳಿದ ಸಂಗತಿ. ಮಕ್ಕಳ ಕಲಿಕೆಯ ಮೇಲೆ ನಡೆದ ಅಧ್ಯಯನಗಳೂ ಅದನ್ನೇ ಹೇಳುತ್ತವೆ. ನಿಮ್ಮ ಟ್ಯೂಷನ್ ಮೇಡಂ ಅವರ ಬಳಿ ನೀವು ನಾಲ್ಕು ಜನ ತಾಯಂದಿರು ಒಟ್ಟಾಗಿ ಹೋಗಿ, ಪಾಠವನ್ನು ಆರೂಕಾಲಕ್ಕೆ ಶುರು ಮಾಡಿ, ಒಂದು ಗಂಟೆಯಲ್ಲಿ ಮುಗಿಸಿ ಎಂದು ಕೇಳಿ. ಒಬ್ಬರೇ ಕೇಳಿದರೆ ಆಗುವುದಿಲ್ಲ ಎನ್ನುತ್ತಾರೆ, ನಾಲ್ವರು ಕೇಳಿದರೆ ಒಪ್ಪುತ್ತಾರೆ. ಬೆಳಗಿನ ಜಾವ ಎಬ್ಬಿಸಿ ಓಡಿಸೋಣವೇ ಎಂದು ಕೆಲವರು ಕೇಳುತ್ತಾರೆ. ನಿಮ್ಮ ಮಗನ ವಯಸ್ಸಿಗೆ 9ರಿಂದ 12 ಗಂಟೆ, ಮಗಳ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿ ಹನ್ನೊಂದಕ್ಕೆ ಮಲಗಿದ ಮಗುವನ್ನು ಐದಕ್ಕೆ ಎಬ್ಬಿಸಿ ಮೈದಾನಕ್ಕೆ ಎಳೆದೊಯ್ಯುವುದು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡಂತೆ.

ಸಂಜೆಯ ಗುಟ್ಟು ಮೊದಲ ಹತ್ತು ನಿಮಿಷದಲ್ಲಿದೆ. ಶಾಲೆಯಿಂದ ಬಂದ ಮಗು ಸೋಫಾದ ಮೇಲೆ ಕುಳಿತು ಮೊಬೈಲ್ ಕೈಗೆತ್ತಿಕೊಂಡಿತೋ, ಆ ಸಂಜೆ ಮುಗಿಯಿತು ಎಂದೇ ತಿಳಿಯಿರಿ. ಆಮೇಲೆ ಎಬ್ಬಿಸುವುದು ಜಗಳ. ಬಂದ ಕೂಡಲೇ ಸಮವಸ್ತ್ರ ಬದಲಿಸಿ, ಒಂದು ಬಾಳೆಹಣ್ಣು, ಒಂದು ತಟ್ಟೆ ಒಗ್ಗರಣೆ ಮಂಡಕ್ಕಿ ಅಥವಾ ಅವಲಕ್ಕಿ, ನೀರು, ಹೊರಗೆ. ಮೊಬೈಲ್ ದೀಪ ಹಚ್ಚಿದ ಮೇಲೆ. ಈ ನಿಯಮ ಮನೆಯ ಎಲ್ಲರಿಗೂ ಒಂದೇ ಆಗಿರಲಿ. ಅಪ್ಪ ಮೊಬೈಲ್ ನೋಡುತ್ತ ಕುಳಿತು ಮಗನಿಗೆ ‘ಹೋಗಿ ಆಡು’ ಎಂದರೆ ಯಾವ ಮಗನೂ ಏಳುವುದಿಲ್ಲ.

ಹೊರಗೆ ಹೋಗಿ ಏನು ಮಾಡಬೇಕು? ನಾನು ಕಂಡಂತೆ ಮಕ್ಕಳು ಆಡದಿರುವುದಕ್ಕೆ ಮೊದಲ ಕಾರಣ ಸೋಮಾರಿತನವಲ್ಲ, ಜೊತೆ ಇಲ್ಲದಿರುವುದು. ಒಂಟಿ ಮಗುವಿಗೆ ಮೈದಾನವೂ ಬೇಸರ. ಮೂವರು ಸಿಕ್ಕರೆ ಖಾಲಿ ಸೈಟೂ ಕ್ರೀಡಾಂಗಣ. ಆದ್ದರಿಂದ ನೀವು ಮೊದಲು ಹುಡುಕಬೇಕಾದದ್ದು ನಿಮ್ಮ ಬೀದಿಯ ಇನ್ನೆರಡು ಮನೆಗಳ ಮಕ್ಕಳನ್ನು. ಐದೂವರೆಗೆ ಎಲ್ಲರೂ ಹೊರಗೆ ಎಂದು ಮೂರು ಮನೆಯವರು ಮಾತಾಡಿಕೊಂಡರೆ, ಹದಿನೈದು ದಿನದಲ್ಲಿ ಅದು ಎಂಟು ಮನೆಯಾಗುತ್ತದೆ. ಆಮೇಲೆ ಆಟ ತಾನಾಗಿಯೇ ಹುಟ್ಟುತ್ತದೆ. ಲಗೋರಿಯಲ್ಲಿ ಚೆಂಡು ತಪ್ಪಿಸಿಕೊಂಡು ಓಡುವ ಹುಡುಗ ಹತ್ತು ನಿಮಿಷದಲ್ಲಿ ಹೊಡೆಯುವ ತಿರುವುಗಳನ್ನು ಯಾವ ತರಬೇತುದಾರರೂ ಹಣ ಪಡೆದು ಹೊಡೆಸಲಾರರು. ಕುಂಟೆಬಿಲ್ಲೆಯನ್ನು ಹೆಣ್ಣುಮಕ್ಕಳ ಆಟ ಎಂದು ತಳ್ಳಿಬಿಟ್ಟಿದ್ದೇವೆ. ವೈದ್ಯನ ಕಣ್ಣಿನಿಂದ ನೋಡಿದರೆ ಅದು ಮೂಳೆಗೆ ಬಲ ಕೊಡುವ ಶುದ್ಧ ವ್ಯಾಯಾಮ. ಒಂಟಿಕಾಲಿನಲ್ಲಿ ಜಿಗಿದು ಇಳಿದಾಗಲೆಲ್ಲ ಮೈಭಾರದ ಏಟು ಕಾಲಿನ ಮೂಳೆಗೆ ಬೀಳುತ್ತದೆ, ಆ ಏಟಿಗೆ ಮೂಳೆ ಗಟ್ಟಿಯಾಗುತ್ತದೆ. ಮೂಳೆ ತನ್ನ ಗಟ್ಟಿತನದ ಬಹುಪಾಲನ್ನು ಕೂಡಿಸಿಟ್ಟುಕೊಳ್ಳುವುದು ಹದಿಹರೆಯ ಮುಗಿಯುವುದರೊಳಗೆ. ಮರಕೋತಿ ಆಟ ತೋಳು, ಬೆನ್ನು, ಹಿಡಿತಕ್ಕೆ. ಚಿನ್ನಿದಾಂಡು ಕಣ್ಣು ಕೈಯ ಹೊಂದಾಣಿಕೆಗೆ, ಆದರೆ ಚಿನ್ನಿ ಹಾರುವ ದಿಕ್ಕಿನಲ್ಲಿ ಚಿಕ್ಕವರು ನಿಲ್ಲದಂತೆ ನೋಡಿಕೊಳ್ಳಬೇಕು, ಕಣ್ಣಿಗೆ ಪೆಟ್ಟಾದ ಮಕ್ಕಳನ್ನು ನಾನು ನೋಡಿದ್ದೇನೆ. ಕ್ರಿಕೆಟ್‌ಗೆ ನಾನು ವಿರೋಧಿಯಲ್ಲ. ಆದರೆ ಬೀದಿ ಕ್ರಿಕೆಟ್‌ನಲ್ಲಿ ಬ್ಯಾಟ್ ಇರುವ ಹುಡುಗ ಓಡುತ್ತಾನೆ, ದೂರದಲ್ಲಿ ನಿಲ್ಲಿಸಿದ ಚಿಕ್ಕ ಹುಡುಗ ಗಂಟೆಗಟ್ಟಲೆ ನಿಂತೇ ಇರುತ್ತಾನೆ. ನಿಮ್ಮ ಮಗ ಯಾವ ಹುಡುಗ ಎಂದು ಒಮ್ಮೆ ನೋಡಿ.

ಮನೆಯ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಗಿಡಗಳಿಗೆ ಬಿಂದಿಗೆಯಲ್ಲಿ ನೀರು ಹೊರುವುದು, ಅಂಗಳ ಗುಡಿಸುವುದು, ಪಾತಿ ಅಗೆಯುವುದು, ಅಂಗಡಿಗೆ ನಡೆದು ಹೋಗಿ ಬರುವುದು. ಗಂಡುಮಗನಿಗೂ ಇವನ್ನು ಕೊಡಿ.

ಹಗಲಿನ ಬೆಳಕಿನಲ್ಲಿ ಆಡುವುದಕ್ಕೆ ಇನ್ನೊಂದು ಲಾಭವಿದೆ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪ್ರತಿ ಶಾಲಾದಿನ 40 ನಿಮಿಷ ಹೆಚ್ಚಾಗಿ ಹೊರಾಂಗಣದಲ್ಲಿರುವಂತೆ ಏರ್ಪಾಡು ಮಾಡಿದರು. ಮೂರು ವರ್ಷಗಳ ನಂತರ ಹೊರಗೆ ಇದ್ದ ಗುಂಪಿನಲ್ಲಿ ಹೊಸದಾಗಿ ಸಮೀಪದೃಷ್ಟಿ ದೋಷ ಬಂದ ಮಕ್ಕಳು ನೂರಕ್ಕೆ ಸುಮಾರು 30, ಮತ್ತೊಂದು ಗುಂಪಿನಲ್ಲಿ ಸುಮಾರು 40. 2015ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ನಾನು ಪ್ರತಿ ತಾಯಿಗೂ ಹೇಳುತ್ತೇನೆ. ನಿಮ್ಮ ಮಗಳಿಗೆ ಬಂದ ಕನ್ನಡಕವನ್ನು ಆಟ ತೆಗೆಸಲಾರದು. ಮಗನ ಕಣ್ಣಿಗೆ ಅದು ಬರುವುದನ್ನು ತಡೆಯಲು ಅಥವಾ ತಡವಾಗಿಸಲು ಆಕಾಶದ ಬೆಳಕು ನೆರವಾಗಬಹುದು.

ಮಳೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಮಲೆನಾಡು ಸೆರಗಿನಲ್ಲಿ ಮಳೆಗಾಲವನ್ನು ಆಟದ ರಜೆ ಎಂದುಕೊಂಡರೆ ವರ್ಷದ ಮೂರನೇ ಒಂದು ಭಾಗವೇ ಕೈಬಿಟ್ಟು ಹೋಗುತ್ತದೆ. ಮೂಡಿಗೆರೆ, ಕೊಪ್ಪದ ಮಕ್ಕಳು ಹನಿ ಬಿದ್ದ ಮಾತ್ರಕ್ಕೆ ಒಳಗೆ ಕೂರುವುದಿಲ್ಲ. ಜ್ವರ ಬರುವುದು ವೈರಾಣುವಿನಿಂದ, ಮಳೆನೀರಿನಿಂದಲ್ಲ. ಸೋನೆ ಹಿಡಿದಾಗ ರೇನ್‌ಕೋಟ್ ತೊಟ್ಟು ಅರ್ಧ ಗಂಟೆ ಹೊರಗೆ ಸುತ್ತಾಡಿ ಬಂದು, ತಲೆ ಒರೆಸಿ, ಒಣಬಟ್ಟೆ ಹಾಕಿಕೊಂಡರೆ ಏನೂ ಆಗುವುದಿಲ್ಲ. ಗುಡುಗು ಕೇಳಿದರೆ ಮಾತ್ರ ಆ ಕ್ಷಣವೇ ಒಳಗೆ ಬರಬೇಕು, ಮರದಡಿ ನಿಲ್ಲಬಾರದು. ನಿಂತ ಕೊಳಕು ನೀರಿನಲ್ಲಿ ಬರಿಗಾಲಿನ ಆಟ ಬೇಡ, ಕಾಲಿನಲ್ಲಿ ಗಾಯವಿದ್ದರಂತೂ ಬೇಡವೇ ಬೇಡ. ಡೆಂಗಿ ಹರಡುವ ಸೊಳ್ಳೆ ಹಗಲಿನಲ್ಲೇ, ಅದರಲ್ಲೂ ಬೆಳಿಗ್ಗೆ ಮತ್ತು ಸಂಜೆಯ ಹೊತ್ತು ಹೆಚ್ಚು ಕಚ್ಚುವುದರಿಂದ ತುಂಬುತೋಳಿನ ಅಂಗಿ ಹಾಕಿಸಿ.

ಎಡೆಬಿಡದೆ ಸುರಿಯುವ ದಿನ ಮನೆಯೊಳಗೆ ಹಗ್ಗದಾಟ ಇದೆಯಲ್ಲ. ಹಗ್ಗದ ನಡುವೆ ಕಾಲಿಟ್ಟು ನಿಂತಾಗ ಎರಡೂ ಹಿಡಿಗಳು ಕಂಕುಳಿನ ಮಟ್ಟಕ್ಕೆ ಬಂದರೆ ಅದು ಸರಿಯಾದ ಅಳತೆ. ಇಪ್ಪತ್ತು ಜಿಗಿತ, ಅರ್ಧ ನಿಮಿಷ ವಿರಾಮ, ಮತ್ತೆ ಇಪ್ಪತ್ತು, ಹೀಗೆ ಹತ್ತು ಸುತ್ತು ಮಾಡಿದರೆ ಸಣಕಲ ಮಗುವೂ ಬೆವರುತ್ತದೆ. ನನ್ನ ಮೆಚ್ಚಿನ ಆಟ ಕೆರೆ ದಡ. ನಡುಮನೆಯಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ, ಒಂದು ಬದಿ ಕೆರೆ, ಇನ್ನೊಂದು ದಡ. ಅಜ್ಜಿ ಕುರ್ಚಿಯಲ್ಲಿ ಕುಳಿತು ಕೂಗಲಿ, ಮೊಮ್ಮಕ್ಕಳು ಜಿಗಿಯಲಿ. ಅಜ್ಜಿ ‘ದಡ’ ಎಂದು ಎರಡು ಸಲ ಹೇಳಿ ಮೋಸ ಮಾಡಿದಾಗ ಎದ್ದ ನಗುವಿನಲ್ಲಿ ಹತ್ತು ನಿಮಿಷ ಹೋದದ್ದೇ ತಿಳಿಯುವುದಿಲ್ಲ. ನಿಮ್ಮ ಅತ್ತೆಯವರನ್ನು ಆಟಕ್ಕೆ ಸೇರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಅವರನ್ನು ಸೇರಿಸಿಕೊಳ್ಳಲೇಬೇಕು, ಏಕೆಂದರೆ ಮುಂದಿನ ಮಾತು ನಿಮ್ಮ ಮಗಳದ್ದು.

ಪತ್ರದಲ್ಲಿ ಮಗನ ಬಗ್ಗೆ ನೀವು ಆರು ಸಾಲು ಬರೆದಿದ್ದರೆ ಮಗಳ ಬಗ್ಗೆ ಎರಡು ಸಾಲು ಬರೆದಿದ್ದೀರಿ. ನನಗೆ ಹೆಚ್ಚು ಚಿಂತೆಯಾದದ್ದು ಆ ಎರಡು ಸಾಲು ಓದಿ. 2016ರ ಅಂಕಿಅಂಶಗಳಂತೆ ಜಗತ್ತಿನ 11ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ 81 ಮಂದಿಗೆ ಬೇಕಾದಷ್ಟು ಚಟುವಟಿಕೆ ಇರಲಿಲ್ಲ. ಹುಡುಗಿಯರನ್ನಷ್ಟೇ ನೋಡಿದರೆ ಅದು 85. ಆಡುತ್ತಿದ್ದ ಹುಡುಗಿ ಆಟ ಬಿಡುವ ವಯಸ್ಸು ಸರಿಯಾಗಿ ನಿಮ್ಮ ಮಗಳ ವಯಸ್ಸೇ. ಮುಟ್ಟಿನ ದಿನಗಳಲ್ಲಿ ಆಡಿದರೆ ಗರ್ಭಕೋಶಕ್ಕೆ ತೊಂದರೆ ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. ಮೈ ಆಡುವ ಹುಡುಗಿಯರಲ್ಲಿ ಹಲವರಿಗೆ ಹೊಟ್ಟೆನೋವು ಕಡಿಮೆಯಾಗುತ್ತದೆ. ನೋವು ಹೆಚ್ಚಿರುವ ಒಂದು ದಿನ ವಿಶ್ರಾಂತಿ ಬೇಕೆಂದರೆ ಅವಳೇ ತೀರ್ಮಾನಿಸಲಿ. ಅವಳಿಗೆ ಹೊಂದುವ ಸ್ಪೋರ್ಟ್ಸ್ ಬ್ರಾ, ಕಪ್ಪು ಅಥವಾ ಗಾಢ ನೀಲಿ ಪ್ಯಾಂಟು, ಚೀಲದಲ್ಲಿ ಒಂದೆರಡು ಪ್ಯಾಡ್, ಜೊತೆಗೆ ಇಬ್ಬರು ಗೆಳತಿಯರು ಇದ್ದರೆ ಮುಜುಗರದ ಬಹುಪಾಲು ಕಳೆಯುತ್ತದೆ. ಹುಡುಗಿಯರು ಬಾಯಿಬಿಟ್ಟು ಹೇಳದ ಕಾರಣಗಳು ಇಷ್ಟೇ ಸಣ್ಣವಾಗಿರುತ್ತವೆ.

ಅತ್ತೆಯವರ ಮಾತನ್ನು ಅಲ್ಲಗಳೆದು ಮನೆಯಲ್ಲಿ ಯುದ್ಧ ಮಾಡಬೇಡಿ. ಅವರ ಭಯ ಆಟದ ಬಗ್ಗೆ ಅಲ್ಲ, ಹೊರಗಿನ ಕಣ್ಣುಗಳ ಬಗ್ಗೆ. ಆ ಭಯ ಸುಳ್ಳೂ ಅಲ್ಲ. ಆದ್ದರಿಂದ ಎಲ್ಲಿ, ಯಾರ ಜೊತೆ, ಎಷ್ಟು ಹೊತ್ತಿಗೆ ಹಿಂದಿರುಗುತ್ತಾಳೆ ಎಂಬ ಮೂರು ಪ್ರಶ್ನೆಗೆ ಉತ್ತರ ಸಿದ್ಧಪಡಿಸಿಕೊಂಡು ಹೋಗಿ ಕೂತು ಮಾತನಾಡಿ. ಜಿಲ್ಲಾ ಕ್ರೀಡಾಂಗಣಕ್ಕೋ ಮಹಾರಾಜ ಪಾರ್ಕಿಗೋ ಒಂದು ಸಂಜೆ ಅವರನ್ನೇ ಕರೆದೊಯ್ಯಿರಿ. ಓಡುತ್ತಿರುವ ಹೆಣ್ಣುಮಕ್ಕಳನ್ನು ಅವರು ಕಣ್ಣಾರೆ ನೋಡಲಿ. 2017ರ ವಿಶ್ವಕಪ್ ಫೈನಲ್‌ನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಭಾರತಕ್ಕಾಗಿ ಬ್ಯಾಟ್ ಹಿಡಿದ ವೇದಾ ಕೃಷ್ಣಮೂರ್ತಿ ನಮ್ಮ ಪಕ್ಕದ ಕಡೂರಿನವರು ಎಂದೂ ಹೇಳಿ. ನಿಮ್ಮ ಮಗಳು ಆಟಗಾರ್ತಿಯಾಗಲೇಬೇಕೆಂದು ಹೇಳುತ್ತಿಲ್ಲ, ಅವಳ ಮೈ ಅವಳದ್ದಾಗಿ ಉಳಿಯಬೇಕು ಎಂದಷ್ಟೇ ನನ್ನ ಆಸೆ.

ಇನ್ನು ಅವಳ ಸುಸ್ತು. ಇದನ್ನು ಸೋಮಾರಿತನ ಎನ್ನುವ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತು. ಮುಟ್ಟು ಶುರುವಾದ ಮೊದಲ ವರ್ಷಗಳಲ್ಲಿ ಕಬ್ಬಿಣಾಂಶ ಸುಲಭವಾಗಿ ಸೋರಿಹೋಗುತ್ತದೆ. ರಕ್ತ ಕಡಿಮೆಯಿರುವ ಹುಡುಗಿಗೆ ‘ಎದ್ದು ಓಡು’ ಎನ್ನುವುದು ಎಣ್ಣೆಯಿಲ್ಲದ ದೀಪಕ್ಕೆ ಉರಿ ಎಂದಂತೆ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯನ್ನು ಮಕ್ಕಳು ಕಸದ ಬುಟ್ಟಿಗೆ ಎಸೆಯುವುದುಂಟು, ಅವಳು ನುಂಗುತ್ತಿದ್ದಾಳೆಯೇ ಎಂದು ಮೆಲ್ಲನೆ ವಿಚಾರಿಸಿ. ಸೊಪ್ಪು, ಕಾಳು, ಹುರುಳಿಕಟ್ಟಿನ ಸಾರಿಗೆ ನಿಂಬೆಹಣ್ಣು ಹಿಂಡಿಕೊಡಿ. ನಾವು ಕಾಫಿ ಸೀಮೆಯವರು, ಊಟ ತಿಂಡಿಯ ಜೊತೆಗೇ ಮಕ್ಕಳಿಗೂ ಲೋಟ ಹಿಡಿಸಿಬಿಡುತ್ತೇವೆ. ಊಟದೊಂದಿಗೆ ಕುಡಿದ ಕಾಫಿ, ಟೀ ಕಬ್ಬಿಣಾಂಶ ಮೈಗೆ ಸೇರದಂತೆ ತಡೆಯುತ್ತವೆ. ಹದಿಮೂರರ ಹುಡುಗಿಗೆ ಕಾಫಿ ಬೇಕೇಬೇಕೆಂದಿಲ್ಲ. ರಕ್ತ ಸರಿಹೋಗಿ ಎರಡು ತಿಂಗಳಾಗಲಿ, ಖೋ ಖೋ ಅಂಕಣಕ್ಕೆ ಅವಳೇ ಹಿಂದಿರುಗಿದರೆ ನನಗೆ ಆಶ್ಚರ್ಯವಿಲ್ಲ.

ಶಾಲೆಯ ಬಗ್ಗೆ ಚುಟುಕಾಗಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ, ಆಟದ ಸಾಮಗ್ರಿ ಇರಬೇಕೆಂದಿದೆ. ಹಾಗಾಗಿ ಪೋಷಕರ ಸಭೆಯಲ್ಲಿ ಅಂಕಗಳ ಬಗ್ಗೆ ಕೇಳಿದ ಮೇಲೆ, ಆಟದ ಪೀರಿಯಡ್ ಈ ತಿಂಗಳು ಎಷ್ಟು ದಿನ ನಡೆಯಿತು, ಎಷ್ಟು ದಿನ ಗಣಿತಕ್ಕೆ ಹೋಯಿತು ಎಂದೂ ಕೇಳಿ. ಇನ್ನೊಂದನ್ನು ನೋವಿನಿಂದ ಹೇಳುತ್ತೇನೆ. ತಪ್ಪು ಮಾಡಿದ ಮಗುವಿಗೆ ಬಸ್ಕಿ ಹೊಡೆಸುವುದು, ಮೈದಾನ ಸುತ್ತಿಸುವುದು, ಇಲ್ಲವೇ ಆಟದ ಪೀರಿಯಡ್ ತಪ್ಪಿಸಿ ಕೂರಿಸುವುದು ಇನ್ನೂ ನಿಂತಿಲ್ಲ. ಓಟವನ್ನು ಶಿಕ್ಷೆಯಾಗಿ ಕಂಡ ಮಗು ದೊಡ್ಡದಾದ ಮೇಲೆ ಓಟವನ್ನು ಹೇಗೆ ಪ್ರೀತಿಸೀತು?

ನಿಮ್ಮ ಮಗನಿಗೂ ಈ ಮಾತು ಸಲ್ಲುತ್ತದೆ. ಅವನನ್ನು ಮನೆಯಲ್ಲಿ ಯಾರಾದರೂ ‘ಗುಂಡ’, ‘ಡುಮ್ಮ’ ಎಂದು ಕರೆಯುತ್ತಿದ್ದರೆ ಇಂದೇ ನಿಲ್ಲಿಸಿ, ಮುದ್ದಿಗೂ ಬೇಡ. ಪ್ರತಿ ವಾರ ತೂಕ ನೋಡುವುದೂ ಬೇಡ. ದಪ್ಪ ಮಗು ಆಟದಿಂದ ದೂರ ಉಳಿಯುವುದು ದಣಿವಿಗಿಂತ ಹೆಚ್ಚಾಗಿ ನಗೆಪಾಟಲಿನ ಭಯದಿಂದ. ಮೊದಲ ಎರಡು ವಾರ ಸೋಲು ಗೆಲುವಿಲ್ಲದ ಆಟ ಆಡಿಸಿ. ನಡಿಗೆ, ಚೆಂಡು ಒದೆಯುವುದು, ಅಕ್ಕನ ಜೊತೆ ಹಗ್ಗದಾಟ. ಇಪ್ಪತ್ತು ನಿಮಿಷದಿಂದ ಶುರುವಾಗಿ ವಾರಕ್ಕೆ ಐದೈದು ನಿಮಿಷ ಏರಲಿ. ಅವನ ಅಪ್ಪ ವಾರದಲ್ಲಿ ಎರಡು ಸಂಜೆಯಾದರೂ ಜೊತೆಗೆ ಬರಲಿ. ಎರಡು ತಿಂಗಳ ನಂತರ ಅದೇ ಎರಡು ಮಹಡಿ ಹತ್ತಿಸಿ ನೋಡಿ, ತೂಕದ ಮುಳ್ಳು ಅಲುಗಾಡದಿದ್ದರೂ ಉಸಿರು ಹಗುರಾಗಿರುತ್ತದೆ.

ಕೊನೆಗೆ ಸೈಕಲ್. ಖಂಡಿತ ಕೊಡಿಸಿ. ಬೆಳೆದ ಮೇಲೂ ಆಗಲಿ ಎಂದು ದೊಡ್ಡ ಸೈಕಲ್ ತರಬೇಡಿ. ಸೀಟಿನ ಮೇಲೆ ಕುಳಿತಾಗ ಎರಡೂ ಕಾಲಿನ ಮುಂಗಾಲು ನೆಲ ಮುಟ್ಟಬೇಕು, ಬ್ರೇಕ್ ಅವನ ಬೆರಳಿಗೆ ಸಿಗಬೇಕು. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲಿರಲಿ. ಸಾಲಗಾಮೆ ರಸ್ತೆಯಂಥ ವಾಹನ ದಟ್ಟಣೆಯ ಕಡೆ ಈಗಲೇ ಬೇಡ, ಬಡಾವಣೆಯ ಒಳರಸ್ತೆಗಳ ಸುತ್ತು ಸಾಕು. ಆದರೆ ನನ್ನದೊಂದು ಕೋರಿಕೆ ಇದೆ. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ನಮ್ಮ ಹಳ್ಳಿ ರಸ್ತೆಗಳಲ್ಲಿ ಕಂಡ ನೋಟ ಇನ್ನೂ ಕಣ್ಣ ಮುಂದಿದೆ. ಎರಡು ಜಡೆ, ಬೆನ್ನಿಗೆ ಚೀಲ, ಆರೇಳು ಹುಡುಗಿಯರು ಏರಿನಲ್ಲಿ ನಿಂತು ಪೆಡಲ್ ತುಳಿಯುತ್ತ, ಇಳಿಜಾರಿನಲ್ಲಿ ಕೂಗುತ್ತ ಹೋಗುತ್ತಿದ್ದರು. ಅಂಗಡಿಗೆ ಹೋಗುವಾಗ ನಿಮ್ಮ ಮಗಳನ್ನೂ ಕರೆದುಕೊಂಡು ಹೋಗಿ. ಒಂದೇ ಸೈಕಲ್‌ಗೆ ಹಣವಿದ್ದರೆ ಅವಳ ಅಳತೆಯದನ್ನು ಮೊದಲು ತನ್ನಿ. ತಮ್ಮನಿಗೆ ಸೀಟು ಇಳಿಸಿ ಕಲಿಸುವ ಕೆಲಸವನ್ನು ಅವಳಿಗೇ ಬಿಡಿ, ಸೈಕಲ್ ಹಿಂದೆ ಹಿಡಿದುಕೊಂಡು ಓಡುವವಳೂ ಅವಳೇ ಆಗುತ್ತಾಳೆ.